ಹಳಿಯಾಚೆಯ ಮಕ್ಕಳು

೧ ಜೂನ್ ೧೯೮೧, ಸೋಮವಾರ

ಶಾಲೆ ತೆರೆಯಿತು. ರಜೆಯಲ್ಲಿ ಊರಿನ ಆಡುಗಳು ಒಳಗೇ ಮಲಗಿ ಎರಡು ಕೋಣೆಯಲ್ಲೂ ಹಿಕ್ಕೆಯ ವಾಸನೆ. ನಾನು, ಬೆನಕಪ್ಪ ಮೇಷ್ಟ್ರು, ಮಕ್ಕಳು ಎಲ್ಲ ಸೇರಿ ಗುಡಿಸಿದೆವು. ಉಪ್ಪಿಟ್ಟು ಮಾಡುವ ಲಿಂಗಮ್ಮ ಸಗಣಿ ಹಾಕಿ ಸಾರಿಸಿದಳು. ಪ್ರಾರ್ಥನೆ ಮಾಡುವಾಗ ಹನ್ನೊಂದು ಹೊಡೆದಿತ್ತು.

ಈ ವರ್ಷ ಹಳಿಯಾಚೆಯ ಹಟ್ಟಿಯಿಂದ ಹತ್ತೊಂಬತ್ತು ಮಕ್ಕಳು ಬಂದಿದ್ದಾರೆ! ಹೋದ ವರ್ಷ ಆರೇ ಇದ್ದದ್ದು. ಹಟ್ಟಿಯವರು ಹೆಣ್ಣುಮಕ್ಕಳನ್ನು ಕಳಿಸುವುದಿಲ್ಲ ಎಂದು ನನಗಿಂತ ಹಿಂದೆ ಇದ್ದ ಹೆಡ್‌ಮೇಷ್ಟ್ರು ಹೇಳಿದ್ದರು. ಕಳಿಸುತ್ತಾರೆ. ಹೋಗಿ ಕೇಳಬೇಕು, ಜಗಲಿಯ ಮೇಲೆ ಕೂತು ಅವರು ಕೊಟ್ಟ ಮಜ್ಜಿಗೆ ಕುಡಿಯಬೇಕು. ಬೇಸಿಗೆಯೆಲ್ಲ ಅದನ್ನೇ ಮಾಡಿದೆ.

ದ್ಯಾಮಮ್ಮನ ಮಗಳು ದುರ್ಗಿ ಈಗ ಮೂರನೆಯ ಕ್ಲಾಸು. ರಜೆಯಲ್ಲಿ ಅವಳಿಗೆ ಒಂದೇ ಕೆಲಸವಂತೆ, ಹೋಗುವ ಬರುವ ಗೂಡ್ಸ್ ಗಾಡಿಯ ಡಬ್ಬಿ ಎಣಿಸುವುದು. “ಟೀಚರಮ್ಮ, ದಿನಾ ಒಂದೇ ಲೆಕ್ಕ ಬತ್ತದೆ. ನಿನ್ನೆ ಒಂದು ಡಬ್ಬಿ ಕಮ್ಮಿ ಇತ್ತು. ಯಾಕೆ?” ಎಂದು ಕೇಳಿದಳು. “ಅದು ಇನ್ನೂ ಎದ್ದಿರಲಿಲ್ಲವೇನೋ ಕಣೇ, ಬಿಟ್ಟು ಬಂದಿರ್ತಾರೆ” ಎಂದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮಧ್ಯಾಹ್ನ ಹುಣಸೆ ಮರದ ಕೆಳಗೆ ಕುಂಟಾಬಿಲ್ಲೆ. ಅವರು ಬಿಡಲಿಲ್ಲ, ನಾನೂ ಸೆರಗು ಸಿಕ್ಕಿಸಿಕೊಂಡು ಕುಂಟಿದೆ. ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. “ಹೆಡ್ಮಿಸ್ಸಾಗಿ ಮಕ್ಕಳ ಜೊತೆ ಕುಂಟ್ತಾಳೆ ಅಂತ ಊರೆಲ್ಲ ನಗಾಡ್ತದೆ ಕಣೇ” ಅಂದಳು ಅವ್ವ. ಅವಳೂ ನಗುತ್ತಿದ್ದಳು.

೯ ಜೂನ್, ಮಂಗಳವಾರ

ಇವತ್ತು ಕಣ್ಣಾರೆ ನೋಡಿದೆ.

ಬೀರೂರಿನ ಕಡೆ ಹೋಗುವ ಗೂಡ್ಸ್ ಬೆಳಿಗ್ಗೆ ನಮ್ಮೂರ ಮಗ್ಗುಲಿಗೆ ಬಂದು ನಿಲ್ಲುತ್ತದೆ. ಕೈಮರ ಬಿದ್ದು ಮುಂದೆ ದಾರಿ ಸಿಗುವವರೆಗೆ ಒಮ್ಮೊಮ್ಮೆ ಅರ್ಧ ಗಂಟೆ ಅಲ್ಲೇ. ಅದು ನಿಂತಿತೆಂದರೆ ಹಟ್ಟಿಗೂ ಶಾಲೆಗೂ ನಡುವೆ ಗೋಡೆ ಎದ್ದ ಹಾಗೆ. ರೈಲ್ವೆ ಗೇಟಿನ ಕಡೆಯಿಂದ ಸುತ್ತಿ ಬಂದರೆ ಒಂದೂವರೆ ಮೈಲಿ. ಮಕ್ಕಳು ಯಾಕೆ ಸುತ್ತುತ್ತಾರೆ? ಡಬ್ಬಿಯ ಅಡಿಗೆ ನುಗ್ಗಿ ಈಚೆ ಬರುತ್ತಾರೆ. ಚೀಲ ಮೊದಲು ಎಸೆಯುತ್ತಾರೆ, ಆಮೇಲೆ ತಲೆ. ಕಡೆಯಲ್ಲಿ ಬಂದವನು ಎರಡನೆಯ ಕ್ಲಾಸಿನ ಓಂಕಾರಿ. ತಲೆಯ ಮೇಲೆಲ್ಲ ಗಾಲಿಯ ಮಸಿ. ನನ್ನನ್ನು ಕಂಡು, “ತಡ ಆಗಿಲ್ಲ ಅಲ್ವಾ ಟೀಚರಮ್ಮ?” ಅಂದ.

ಹೊಡೆಯಲು ಕೈ ಬರಲಿಲ್ಲ. ಎಲ್ಲರನ್ನೂ ಮರದ ಕೆಳಗೆ ಕೂರಿಸಿ ಹೇಳಿದೆ: ಗೂಡ್ಸ್ ನಿಂತಿದ್ದರೆ ನೀವೂ ನಿಂತಿರಿ, ನಾನು ಆಚೆ ಬಂದು ಕರೆದುಕೊಂಡು ಬರುತ್ತೇನೆ, ತಡವಾದರೂ ಚಿಂತೆಯಿಲ್ಲ. ಎಲ್ಲರ ಕೈಯಲ್ಲೂ ಆಣೆ ಇಡಿಸಿಕೊಂಡೆ.

ಬೆನಕಪ್ಪ ಮೇಷ್ಟ್ರು ಬೀರೂರಿನವರು, ದಿನಾ ಸೈಕಲ್ಲಿನಲ್ಲಿ ಬಂದುಹೋಗುವವರು. “ನಾವೂ ಹಂಗೇ ನುಗ್ಗಿ ನುಗ್ಗಿ ದೊಡ್ಡೋರಾದ್ವಿ ಮೇಡಂ, ಏನೂ ಆಗಲ್ಲ ಬಿಡಿ” ಅಂದರು.

೧೯ ಜೂನ್, ಶುಕ್ರವಾರ

ಹಳಿ ದಾಟಲು ಮೇಲ್ಸೇತುವೆ ಬೇಕೆಂಬ ಅರ್ಜಿ ಹಿಡಿದು ಕಡೂರಿಗೆ ಹೋಗಿದ್ದೆ. ಒಬ್ಬರು ಇನ್ನೊಬ್ಬರ ಹತ್ತಿರ ಕಳಿಸಿದರು, ಇನ್ನೊಬ್ಬರು ಊಟಕ್ಕೆ ಹೋಗಿದ್ದರು. ಬಂದಮೇಲೆ ಓದಿ ನೋಡಿ, “ಗೇಟಿದೆಯಲ್ಲಮ್ಮ, ಸುತ್ತಿ ಬರಲಿ” ಎಂದರು. ಅವರು ಹೇಳಿದ್ದೂ ಸುಳ್ಳಲ್ಲ.

ಸಂಜೆ ಪಂಚಾಯ್ತಿ ಛೇರ್ಮನ್ ಮಲ್ಲಿಕಾರ್ಜುನಪ್ಪನವರ ಮನೆಗೆ ಹೋದೆ. ಬೆಳಿಗ್ಗೆ ಹೊತ್ತು ಹಳಿಯ ಹತ್ತಿರ ಯಾರನ್ನಾದರೂ ನಿಲ್ಲಿಸಿ ಎಂದೆ. “ಯಾರನ್ನ ನಿಲ್ಸಾನ ಟೀಚರಮ್ಮ? ಎಲ್ರಿಗೂ ಹೊಲದ ಕೆಲ್ಸ. ನೀವು ನಿಂತಿದೀರಲ್ಲ, ಅದೇ ದೊಡ್ಡದು.” ಕಾಫಿ ಕೊಟ್ಟರು.

ನಾನೇ ನಿಲ್ಲುತ್ತೇನೆ. ಹೋಗುವುದು ಬರುವುದು ಮೂರು ಮೈಲಿ ಆಗುತ್ತದೆ, ಆಗಲಿ. ದುರ್ಗಿ ದಾರಿಯುದ್ದಕ್ಕೂ ಮಾತಾಡುತ್ತಾಳೆ, ನಡೆದದ್ದೇ ಗೊತ್ತಾಗುವುದಿಲ್ಲ.

೭ ಜುಲೈ

ತರೀಕೆರೆಯಲ್ಲಿ ಮೀಟಿಂಗ್ ಇತ್ತು. ಬೆಳಿಗ್ಗೆ ಹಳಿಯ ಹತ್ತಿರ ಹೋಗಲಾಗಲಿಲ್ಲ.

ಓಂಕಾರಿ ಹೋದ.

೧೧ ಜುಲೈ, ಶನಿವಾರ

ನಾಲ್ಕು ದಿನವಾಯಿತು, ಆವತ್ತಿನದು ಬರೆಯಬೇಕು.

ನಾನು ಬಸ್ಸಿಳಿದಾಗ ಮಣ್ಣು ಮಾಡಿ ಆಗಿತ್ತು. ಬೆನಕಪ್ಪ ಮೇಷ್ಟ್ರು ಶಾಲೆಯ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು. ಗೂಡ್ಸ್ ನಿಂತಿತ್ತಂತೆ. ನಾನು ಬರುತ್ತೇನೆ ಎಂದು ಮಕ್ಕಳು ಕಾದಿದ್ದರಂತೆ. ಈಚೆ ಗಂಟೆ ಹೊಡೆಯಿತು. ದೊಡ್ಡವರು ನುಗ್ಗಿದರು, ದುರ್ಗಿ ನುಗ್ಗಿದಳು, ಈಚೆ ಬಂದು ಓಂಕಾರಿಗೆ ಕೈ ಚಾಚಿದಳು. ಅವನು ಅವಳ ಕೈ ಹಿಡಿದಿದ್ದ. ಅಷ್ಟರಲ್ಲಿ ಗಾಡಿ ಜಗ್ಗಿತು.

ಹಟ್ಟಿಗೆ ಹೋದೆ. ಅವನ ತಾಯಿ ತಿಮ್ಮಕ್ಕ ನನ್ನನ್ನು ನೋಡಿ ಗೋಡೆ ಕಡೆ ತಿರುಗಿ ಕೂತಳು. ಅಪ್ಪ ಕರಿಸಿದ್ದಪ್ಪ ಮಾತ್ರ ಎದ್ದು ಬಂದು, ನಾನೇ ಮಗುವನ್ನು ಕಳಕೊಂಡವಳೋ ಎಂಬ ಹಾಗೆ ನನಗೇ ಸಮಾಧಾನ ಹೇಳಿದ. “ಬೆಲ್ಲು ಹೊಡೀತಲ್ಲವ್ವ, ತಡ ಆಯ್ತದೆ ಅಂತ ನುಗ್ಗವ್ನೆ. ಸ್ಕೂಲಂದ್ರೆ ಅಷ್ಟಾಸೆ ಕಣವ್ವ ನನ್ ಮಗಂಗೆ.”

ಬೈದಿದ್ದರೆ ಚೆನ್ನಾಗಿತ್ತು.

೨೦ ಜುಲೈ, ಸೋಮವಾರ

ಮತ್ತೆ ಶಾಲೆ. ನಮ್ಮ ಗಂಟೆ ಎಂದರೆ ಮರಕ್ಕೆ ನೇತುಹಾಕಿದ ಹಳಿಯ ತುಂಡು. ಬೆಳಿಗ್ಗೆ ಬಂದವಳೇ ಮೊದಲು ಅದನ್ನು ಇಳಿಸಿ ಹಿಂದಿನ ಕತ್ತಾಳೆ ಬೇಲಿಯೊಳಗೆ ಎಸೆದೆ. “ಬೆಲ್ಲಿಲ್ದೆ ಸ್ಕೂಲು ಹೆಂಗೆ ಮೇಡಂ?” ಎಂದರು ಬೆನಕಪ್ಪ ಮೇಷ್ಟ್ರು. ನಾನು ಕೂಗಿ ಕರೆಯುತ್ತೇನೆ ಎಂದೆ.

ಒಂದು ಉದ್ದನೆಯ ಹಗ್ಗ ತಂದಿದ್ದೇನೆ. ಹಟ್ಟಿಯ ಮಕ್ಕಳೆಲ್ಲ ಅದನ್ನು ಹಿಡಿದೇ ನಡೆಯಬೇಕು, ಗೂಡ್ಸ್ ಇರಲಿ ಬಿಡಲಿ ಗೇಟಿನ ಕಡೆಯಿಂದಲೇ. ಮೊದಲ ದಿನ ಚಿಕ್ಕವರಿಗೆ ಅದು ರೈಲಾಟದಂತೆ ಕಂಡಿತು. ಒಬ್ಬ ಹುಡುಗ ಎಂಜಿನ್ನಿನಂತೆ ಕೂಗಿದ. ಹಗ್ಗ ಹಿಡಿದಾಗ ಯಾರೂ ಬಾಯಿ ತೆರೆಯಬಾರದು ಎಂದೆ. ಮಾತಾಡುತ್ತ ನಡೆದರೆ ಗಮನ ತಪ್ಪುತ್ತದೆ.

ದುರ್ಗಿ ಬಂದಿದ್ದಾಳೆ. ಬಲಗೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತಲೇ ಇರುತ್ತಾಳೆ.

೩ ಆಗಸ್ಟ್

ಹುಣಸೆ ಮರದಿಂದ ನಾಲ್ಕನೆಯ ಕ್ಲಾಸಿನ ಹುಡುಗ ಬಿದ್ದು ಮಂಡಿ ತರಚಿಕೊಂಡ. ಬರೀ ಮಂಡಿ. ಆದರೆ ತಲೆ ಆಗಿದ್ದರೆ? ಮರ ಕಡಿಯುವ ಈರಭದ್ರಪ್ಪನನ್ನು ಕರೆಸಿ ಕೆಳಗಿನ ಕೊಂಬೆಗಳನ್ನೆಲ್ಲ ಕಡಿಸಿದೆ. ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. ನೆರಳು ಹೋಯಿತು ಎಂದು ಈರಭದ್ರಪ್ಪ ಗೊಣಗಿದ. ನೆರಳಿಗೆ ಒಳಗೆ ಕೂರಬಹುದು.

ಕುಂಟಾಬಿಲ್ಲೆ ನಿಲ್ಲಿಸಿದ್ದೇನೆ. ಅಂಗಳದ ತುಂಬ ಕಲ್ಲು. ನೀರಿಗೆ ಕೆರೆಯ ಕಡೆ ಹೋಗುವುದನ್ನೂ ನಿಲ್ಲಿಸಿದ್ದೇನೆ. ಕೊಳದಪ್ಪಲೆಯಲ್ಲಿ ನೀರು ತುಂಬಿಸಿ ಇಡುತ್ತೇವೆ.

ಎಲ್ಲ ಕಡೆ ಅಪಾಯ ಇದೆ. ಇಷ್ಟು ವರ್ಷ ನನಗೆ ಹೇಗೆ ಕಾಣಲಿಲ್ಲ?

೨೭ ಆಗಸ್ಟ್

ಒಂದು ಬೆತ್ತ ತರಿಸಿದ್ದೇನೆ. ತೆಳ್ಳಗಿದೆ. ಹೆದರಿಸಲಷ್ಟೆ.

೪ ಸೆಪ್ಟೆಂಬರ್

ಹಗ್ಗ ಬಿಟ್ಟು ಓಡಿದ ಇಬ್ಬರಿಗೂ ತಡವಾಗಿ ಬಂದ ಒಬ್ಬನಿಗೂ ಅಂಗೈ ಮೇಲೆ ಕೊಟ್ಟೆ. ಜೋರಾಗಿ ಏನೂ ಅಲ್ಲ. ಆಮೇಲೆ ಹಗ್ಗ ಒಮ್ಮೆಯೂ ಸಡಿಲವಾಗಲಿಲ್ಲ. ಇದನ್ನು ಜೂನ್ ತಿಂಗಳಲ್ಲೇ ಮಾಡಿದ್ದರೆ ಎಂದು ದಾರಿಯುದ್ದಕ್ಕೂ ಅನ್ನಿಸಿತು. ಪ್ರೀತಿಯಿಂದ ಹೇಳಿ ಆಣೆ ಇಡಿಸಿಕೊಂಡದ್ದರಿಂದ ಏನಾಯಿತು?

೧೫ ಸೆಪ್ಟೆಂಬರ್, ಮಂಗಳವಾರ

ಯಾವುದೋ ಊರಿನ ಶಾಲೆಯಲ್ಲಿ ಉಪ್ಪಿಟ್ಟಿನ ಪಾತ್ರೆ ಮಗುಚಿ ಒಂದು ಮಗುವಿನ ಕಾಲು ಬೆಂದುಹೋಯಿತಂತೆ. ಬೀರೂರಿನಲ್ಲಿ ಕೇಳಿ ಬಂದು ಬೆನಕಪ್ಪ ಮೇಷ್ಟ್ರು ಹೇಳಿದರು. ಮಾತಿಗೆ ಹೇಳಿದ್ದು ಅಷ್ಟೆ, ನನಗೆ ಅಲ್ಲಿಂದಾಚೆಗೆ ಪಾಠ ಮಾಡಲು ಆಗಲಿಲ್ಲ. ನಮ್ಮ ಒಲೆ ಇರುವುದು ಸೋಗೆ ಮಾಡಿನ ಕೆಳಗೆ. ಮಕ್ಕಳು ತಟ್ಟೆ ಹಿಡಿದು ಅದರ ಸುತ್ತಲೇ ನೂಕಾಡುತ್ತಾರೆ.

ಲಿಂಗಮ್ಮನಿಗೆ ನಾಳೆಯಿಂದ ಬೇಡ ಎಂದೆ. ಅವಳು ಸೌಟು ಹಿಡಿದುಕೊಂಡೇ ಬಂದಳು.

“ಬ್ಯಾಡ ಅಂದ್ರೆ? ರವೆ ಐತೆ, ಎಣ್ಣೆ ಐತೆ.”

“ಒಲೆ ಬೇಡ ಲಿಂಗಮ್ಮ. ಯಾವುದಾದರೂ ಮಗುವಿಗೆ ಏನಾದರೂ ಆದರೆ?”

“ಏನಾಯ್ತದೆ? ಇಷ್ಟ್ ವರ್ಸದಿಂದ ಮಾಡ್ತಿಲ್ವಾ? ಹಟ್ಟಿ ಹುಡ್ರು ಬೆಳಗ್ಗೆ ಏನೂ ತಿಂದ್ ಬರಲ್ಲ ಕಣವ್ವ. ಈ ಉಪ್ಪಿಟ್ಟಿಗೆ ಕಾಯ್ಕಂಡಿರ್ತವೆ.”

ಹಸಿವಿನಿಂದ ಯಾರೂ ಒಂದೇ ದಿನಕ್ಕೆ ಸಾಯುವುದಿಲ್ಲ ಎಂದೆ. ಅವಳು ಸೌಟು ತೊಳೆದಿಟ್ಟು ಹೋದಳು.

೩೦ ಸೆಪ್ಟೆಂಬರ್

ಇನ್‌ಸ್ಪೆಕ್ಟರು ಬಂದಿದ್ದರು. ಒಂದು ಗಂಟೆ ಕೂತರು. ಇಷ್ಟು ನಿಶ್ಶಬ್ದವಾದ ಶಾಲೆಯನ್ನು ತಾಲ್ಲೂಕಿನಲ್ಲೇ ನೋಡಿಲ್ಲವಂತೆ. ಉಪ್ಪಿಟ್ಟಿನ ವಿಷಯ ಕೇಳಲಿಲ್ಲ. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

೧೪ ಅಕ್ಟೋಬರ್, ಬುಧವಾರ

ದಸರಾ ರಜೆ ಮುಗಿಯಿತು. ಹಟ್ಟಿಯಿಂದ ಹತ್ತು ಮಕ್ಕಳು ಬಂದಿಲ್ಲ. ಮೊದಲಾಗಿದ್ದರೆ ಸಂಜೆಯೇ ಮನೆಮನೆಗೆ ಹೋಗುತ್ತಿದ್ದೆ. ಇಂದು ಹಗ್ಗ ಚಿಕ್ಕದಾಯಿತು, ನೋಡಿಕೊಳ್ಳಲು ಸುಲಭವಾಯಿತು.

ಬರುವಾಗ ನಮ್ಮ ನಾಲ್ಕನೆಯ ಕ್ಲಾಸಿನ ಇಬ್ಬರು ಹಳಿಯ ಏರಿಯ ಮೇಲೆ ಆಡು ಮೇಯಿಸುತ್ತಿದ್ದರು. ನನ್ನನ್ನು ಕಂಡು ಆಚೆ ಇಳಿದು ಅಡಗಿದರು. ಕರೆಯೋಣ ಎನ್ನಿಸಿತು. ಆದರೆ ಅವರು ಈಗ ನಮ್ಮ ಶಾಲೆಯ ಮಕ್ಕಳಲ್ಲ. ಅವರ ಅಪ್ಪ ಅಮ್ಮ ಇದ್ದಾರೆ, ನೋಡಿಕೊಳ್ಳಲಿ.

೨೫ ಅಕ್ಟೋಬರ್, ಭಾನುವಾರ

ಅವ್ವನಿಗೆ ಮಂಡಿನೋವು ಜಾಸ್ತಿ. ಎಣ್ಣೆ ಹಚ್ಚುತ್ತಿದ್ದೆ. ಇದ್ದಕ್ಕಿದ್ದಂತೆ ಅಂದಳು: “ಮುಂಚೆ ಭಾನುವಾರ ಆದ್ರೆ ಮಕ್ಕಳು ಈ ಜಗಲಿ ಬಿಡ್ತಿರ್ಲಿಲ್ಲ. ಈಗ ನಮ್ಮನೆ ಮುಂದೆ ಬಂದ್ರೆ ಓಡ್ತಾವೆ ಕಣೇ. ನೋಡ್ದ್ಯಾ?”

ರಸ್ತೆಯಲ್ಲಿ ಓಡಬಾರದು ಎಂದು ನಾಳೆ ಹೇಳಬೇಕು.

೫ ನವೆಂಬರ್, ಗುರುವಾರ

ಗೂಡ್ಸ್ ಈಗ ಹೊತ್ತು ತಪ್ಪಿ ಬರುತ್ತಿದೆ, ಒಮ್ಮೆ ಹನ್ನೊಂದಕ್ಕೆ, ಒಮ್ಮೆ ಎರಡಕ್ಕೆ. ಸದ್ದು ಕೇಳಿದರೆ ಮಕ್ಕಳ ಕಣ್ಣು ಕಿಟಕಿಯ ಕಡೆ ಹೋಗುತ್ತದೆ. ಇವತ್ತಿನಿಂದ ಗಾಡಿ ಬಂದ ಸದ್ದಾದರೆ ಎಲ್ಲರನ್ನೂ ಒಂದೇ ಕೋಣೆಗೆ ಸೇರಿಸಿ ಹೊರಗಿನಿಂದ ಚಿಲಕ ಹಾಕುತ್ತೇನೆ. ಅದು ಹೋದಮೇಲೆ ತೆಗೆಯುತ್ತೇನೆ. ನಾನು ಬಾಗಿಲಲ್ಲೇ ನಿಂತಿರುತ್ತೇನೆ, ಎಲ್ಲಿಗೂ ಹೋಗುವುದಿಲ್ಲ.

೨೩ ನವೆಂಬರ್

ಗೂಡ್ಸ್ ಇವತ್ತು ಮುಕ್ಕಾಲು ಗಂಟೆ ನಿಂತಿತ್ತು. ಒಳಗಿನಿಂದ ಯಾರೋ ಬಾಗಿಲು ತಟ್ಟಿದರು. ನಾನು ತೆಗೆಯಲಿಲ್ಲ. ಒಬ್ಬರಿಗೆ ತೆಗೆದರೆ ಎಲ್ಲರಿಗೂ ತೆಗೆಯಬೇಕಾಗುತ್ತದೆ. ಗಾಡಿ ಹೊರಟಮೇಲೆ ತೆಗೆದರೆ ದುರ್ಗಿ ಬಾಗಿಲ ಹಿಂದೆಯೇ ನಿಂತಿದ್ದಳು. ಲಂಗ ಒದ್ದೆ, ಕಾಲ ಕೆಳಗೆ ನೆಲ ಒದ್ದೆ. “ಮುಂಚೆಯೇ ಹೋಗಿಬರಬಾರದಾ?” ಎಂದು ಗದರಿದೆ. ಏನೋ ಹೇಳಲು ಹೋದಳು, ಮಾತಿನ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಳು. ಈಚೆಗೆ ಹೀಗೆ ತೊದಲುತ್ತಾಳೆ. ಬೆಳೆಯುವ ಮಕ್ಕಳಿಗೆ ಹೀಗಾಗುವುದುಂಟು.

ಬೆನಕಪ್ಪ ಮೇಷ್ಟ್ರು ಮಕ್ಕಳ ಮುಂದೆಯೇ ದನಿ ಎತ್ತಿದರು. “ಏನ್ ಮೇಡಂ ಇದು, ಸ್ಕೂಲೋ ಪೊಲೀಸ್ ಲಾಕಪ್ಪೋ?”

“ನಿಮಗೆ ಏನೂ ಆಗಲ್ಲ ಅನ್ನೋದು ಸುಲಭ ಮೇಷ್ಟ್ರೇ. ಒಂದು ಸಲ ಅಂದಿದ್ರಿ.”

ಅವರ ಮುಖ ಕಪ್ಪಿಟ್ಟಿತು. “ಹೌದು, ಅಂದಿದ್ದೆ. ಆವತ್ತು ಬೆಲ್ಲು ಹೊಡ್ದಿದ್ದೂ ನಾನೇ. ದಿನಾ ಅದೇ ಕೇಳ್ತದೆ ನಂಗೆ. ಅದಕ್ಕೆ ಈ ಮಕ್ಕಳ್ನ ಕೂಡಿ ಹಾಕ್ಬೇಕಾ?”

ನಾನು ನೆಲಕ್ಕೆ ನೀರು ಹಾಕಿ ತೊಳೆದೆ.

೨೧ ಡಿಸೆಂಬರ್

ಬೆನಕಪ್ಪ ಮೇಷ್ಟ್ರು ಚೌಳಹಿರಿಯೂರಿನ ಕಡೆಗೆ ವರ್ಗ ಮಾಡಿಸಿಕೊಂಡು ಹೋದರು. ಹೋಗುವಾಗ ಮಕ್ಕಳಿಗೆಲ್ಲ ಪೆಪ್ಪರ್ಮೆಂಟು ಕೊಟ್ಟರು. ಗಂಟಲಿಗೆ ಸಿಕ್ಕಿಕೊಂಡೀತು ಎಂದು, ಚಿಕ್ಕವರ ಕೈಯಿಂದ ಅವನ್ನು ತೆಗೆದಿಟ್ಟೆ.

೧೧ ಜನವರಿ ೧೯೮೨, ಸೋಮವಾರ

ದುರ್ಗಿ ನುಗ್ಗಿದಳು.

ಹಗ್ಗದ ಹೊತ್ತಿಗೆ ಅವಳು ಬಂದಿರಲಿಲ್ಲ. ತಮ್ಮನಿಗೆ ಜ್ವರ, ಗಂಜಿ ಕಾಯಿಸುತ್ತಿದ್ದಳಂತೆ. ಉಳಿದವರನ್ನು ಕರೆದುಕೊಂಡು ಬಂದು ಒಳಗೆ ಕೂರಿಸಿ ಹೊರಗೆ ನೋಡುತ್ತೇನೆ, ನಿಂತ ಗೂಡ್ಸಿನ ಕೆಳಗಿನಿಂದ ಚೀಲ ಬಂದು ಬಿತ್ತು. ಆಮೇಲೆ ತಲೆ.

ಓಡಿದೆ. ಅವಳನ್ನು ಏರಿಯಿಂದ ಎಳೆದುಕೊಂಡು ಬಂದೆ. ಬೆತ್ತ ಎಷ್ಟು ಸಲ ಎತ್ತಿದೆನೋ ಗೊತ್ತಿಲ್ಲ. ಬೆತ್ತ ಮುರಿಯಿತು. ಯಾಕೆ ನುಗ್ಗಿದೆ, ಯಾಕೆ ನುಗ್ಗಿದೆ ಎಂದು ಕೇಳುತ್ತಲೇ ಇದ್ದೆ. ಕಡೆಗೆ ತೊದಲುತ್ತ ಅಂದಳು: “ತ-ತ-ತಡ ಆದ್ರೆ ಹೊಡೀತೀರಲ್ಲ ಟೀಚರಮ್ಮ.”

ಗಾಡಿ ಇನ್ನೂ ನಿಂತೇ ಇತ್ತು. ಹತ್ತು ನಿಮಿಷವಾದ ಮೇಲೆ ಹೊರಟಿತು. ಆ ಹತ್ತು ನಿಮಿಷ ಅವಳನ್ನು ಅಪ್ಪಿಕೊಂಡೇ ಕೂತಿದ್ದೆ. ಅವಳು ಕೊರಡಿನ ಹಾಗೆ ಬಿಗಿದುಕೊಂಡಿದ್ದಳು.

ಈ ಹುಡುಗಿಯನ್ನು ಉಳಿಸಿಕೊಳ್ಳಬೇಕು. ಏನಾದರೂ ಮಾಡಿ ಉಳಿಸಿಕೊಳ್ಳಬೇಕು.

೧೩ ಜನವರಿ, ಬುಧವಾರ

ದಾರಿ ಹೊಳೆಯಿತು. ತರೀಕೆರೆಯಲ್ಲಿ ನಮ್ಮ ದೂರದ ನೆಂಟರು ಶಿವಮೂರ್ತಪ್ಪ, ಅಂಗಡಿ ಇಟ್ಟಿದ್ದಾರೆ. ಅವರ ಸೊಸೆ ಶಂಕರಮ್ಮನಿಗೆ ಎಳೆಮಗು, ಎತ್ತಿ ಆಡಿಸಲು ಒಂದು ಹುಡುಗಿ ಬೇಕು ಎಂದು ಹೋದಸಲವೇ ಕೇಳಿದ್ದಳು. ದೊಡ್ಡ ಮನೆ. ಎತ್ತರದ ಕಾಂಪೌಂಡು, ಕಬ್ಬಿಣದ ಗೇಟು. ಹತ್ತಿರದಲ್ಲಿ ಎಲ್ಲೂ ಹಳಿಯಿಲ್ಲ.

ಸಂಜೆ ಹಟ್ಟಿಗೆ ಹೋದೆ. ದ್ಯಾಮಮ್ಮ ಮಗಳ ಬೆನ್ನಿಗೆ ಅರಿಸಿನ ಹಚ್ಚುತ್ತಿದ್ದಳು. ನನ್ನನ್ನು ನೋಡಿ ಬಟ್ಟೆ ಎಳೆದು ಮುಚ್ಚಿದಳು. ಕೂತುಕೊಳ್ಳಿ ಎನ್ನಲಿಲ್ಲ. ನಾನೇ ಕೂತು ಎಲ್ಲ ಹೇಳಿದೆ.

ಕೇಳಿ ಮುಗಿಸಿ ಅವಳು, “ಮನೆಗೆಲ್ಸಕ್ಕಾ?” ಎಂದಳು.

“ಮಗು ನೋಡಿಕೊಳ್ಳೋದು. ಊಟ, ಬಟ್ಟೆ ಎಲ್ಲ ಅವರದೇ.”

“ನಾನು ಕಳ್ಸಲ್ಲ, ನಂಗೆ ಮನೇಲಿ ಕೆಲ್ಸ ಐತೆ ಅಂದಾಗ ಇದೇ ಜಗ್ಲಿ ಮೇಲೆ ಕುಂತು ನೀವೇನಂದ್ರಿ ಟೀಚರಮ್ಮ? ಇವ್ಳು ಟೀಚರಾಯ್ತಾಳೆ, ಬರ್ಕೊಡ್ತೀನಿ ಅಂದ್ರಿ.”

“ಜೀವ ಇದ್ದರೆ ತಾನೇ ಓದು, ದ್ಯಾಮಮ್ಮ.”

ಅವಳು ಅರಿಸಿನದ ಬಟ್ಟಲನ್ನೇ ತಿರುಗಿಸುತ್ತಿದ್ದಳು. “ಸ್ಕೂಲಿಗೆ ಬ್ಯಾಡಾದ್ರೆ ಬುಟ್ಬುಡಿ. ನನ್ ತಾವೇ ಇರ್ಲಿ.”

“ನಿನ್ನ ಮನೆ ಬಾಗಿಲಲ್ಲೇ ಹಳಿ ಇದೆ. ನೀನು ಕೂಲಿಗೆ ಹೋದಾಗ ಯಾರು ನೋಡ್ತಾರೆ? ತಿಮ್ಮಕ್ಕನ ಹಾಗೆ ನೀನೂ ಗೋಡೆ ಕಡೆ ತಿರುಗಿ ಕೂರಬೇಕಾ?”

ಆ ಮಾತಿಗೆ ಅವಳು ಸೋತಳು. ಸೆರಗು ಬಾಯಿಗಿಟ್ಟುಕೊಂಡು ತಲೆ ಆಡಿಸಿದಳು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

೩೧ ಜನವರಿ, ಭಾನುವಾರ

ನಿನ್ನೆ ದುರ್ಗಿಯನ್ನು ತರೀಕೆರೆಗೆ ಬಿಟ್ಟು ಬಂದೆ. ಬೀರೂರಿನಿಂದ ಬಸ್ಸಿನಲ್ಲಿ ಹೋದೆವು. ಶಾಲೆಯ ನೀಲಿ ಲಂಗ ಹಾಕಿಕೊಂಡು, ಎಣ್ಣೆ ಹಚ್ಚಿ ಎರಡು ಜಡೆ ಹೆಣೆಸಿಕೊಂಡು ಬಂದಿದ್ದಳು. ದೊಡ್ಡ ಊರಿನ ದೊಡ್ಡ ಶಾಲೆಗೆ ಹೋಗುವುದು ಎಂದುಕೊಂಡಿದ್ದಳೆಂದು ಅರ್ಧ ದಾರಿಯಲ್ಲಿ ತಿಳಿಯಿತು. ಅವಳ ಅಮ್ಮ ಹಾಗೆ ಹೇಳಿ ಹೊರಡಿಸಿರಬೇಕು. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ.

ಶಂಕರಮ್ಮ ಬಾಗಿಲಲ್ಲೇ ಮಗುವನ್ನು ಅವಳ ಸೊಂಟಕ್ಕೆ ಕೊಟ್ಟಳು. ಮಗು ಭಾರ ಇದೆ, ದುರ್ಗಿ ಒಂದು ಪಕ್ಕಕ್ಕೆ ವಾಲಿದಳು. ಒಗ್ಗಿಕೊಳ್ಳುತ್ತಾಳೆ.

ಆರು ತಿಂಗಳಿಂದ ಇಷ್ಟು ಚೆನ್ನಾಗಿ ನಿದ್ದೆ ಬಂದಿರಲಿಲ್ಲ.

೧೯ ಫೆಬ್ರವರಿ

ಅವ್ವ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾಳೆ. ವಯಸ್ಸಾಯಿತು.

೧೮ ಮಾರ್ಚ್, ಗುರುವಾರ

ಈ ವಾರದಿಂದ ಹಟ್ಟಿಯ ಕಡೆಯಿಂದ ಯಾರೂ ಬರುತ್ತಿಲ್ಲ. ಊರಿನ ಮಕ್ಕಳೂ ಕೆಲವರು ಬೀರೂರಿನ ಶಾಲೆಗೆ ಸೇರಿದ್ದಾರೆ. ಒಂಬತ್ತು ಮಕ್ಕಳು ಉಳಿದಿದ್ದಾರೆ. ನೆಲಕ್ಕೆ ಗೆರೆ ಎಳೆದು ಒಬ್ಬೊಬ್ಬರನ್ನು ದೂರ ದೂರ ಕೂರಿಸಿದ್ದೇನೆ. ಯಾರೂ ಯಾರನ್ನೂ ನೂಕುವುದಿಲ್ಲ.

ಹೀಗೇ ಆದರೆ ಶಾಲೆಯನ್ನು ಮುಚ್ಚಬೇಕಾಗುತ್ತದೆ ಎಂದು ಮಲ್ಲಿಕಾರ್ಜುನಪ್ಪನವರು ಬಂದು ಹೇಳಿದರು. “ಏನಾಗೋಯ್ತು ಟೀಚರಮ್ಮ? ನೀವು ಬಂದ್ಮೇಲೆ ಸ್ಕೂಲು ಕಳೆ ಕಟ್ಟಿತ್ತು.”

“ಜುಲೈಯಿಂದ ಈಚೆಗೆ ಒಂದು ಮಗುವಿಗೂ ಏನೂ ಆಗಿಲ್ಲ” ಎಂದೆ.

ಅವರು ಖಾಲಿ ಬಿದ್ದ ನೆಲವನ್ನು ನೋಡಿದರು. ಟವೆಲ್ಲು ಹೆಗಲ ಮೇಲೆ ಸರಿಮಾಡಿಕೊಂಡು ಹೊರಟುಹೋದರು.

೧೮ ಏಪ್ರಿಲ್, ಭಾನುವಾರ

ಸಂಬಳದ ಕೆಲಸಕ್ಕೆ ನಿನ್ನೆ ತರೀಕೆರೆಗೆ ಹೋದವಳು ಶಿವಮೂರ್ತಪ್ಪನವರ ಮನೆಗೂ ಹೋಗಿದ್ದೆ.

ಶಂಕರಮ್ಮನಿಗೆ ದುರ್ಗಿಯ ಮೇಲೆ ಬಹಳ ಮೆಚ್ಚುಗೆ. “ಒಳ್ಳೆ ಹುಡುಗಿ ಕೊಟ್ರಿ ಅಕ್ಕ. ಹೇಳಿದ್ದು ಮಾಡ್ತಾಳೆ, ಒಂದು ಮಾತಿಲ್ಲ. ಪಾತ್ರೆಗೂ ಬೇರೆಯವರು ಬೇಡ ಅಂದ್ಬಿಟ್ಟೆ” ಎಂದಳು. ದುರ್ಗಿ ಹಿತ್ತಿಲಿನಿಂದ ಬಂದಳು. ಜಡೆ ಇಲ್ಲ, ಹೇನಾಗಿತ್ತೆಂದು ಕತ್ತರಿಸಿದ್ದಾರೆ. ಬೆರಳುಗಳು ಬೂದಿ, ಹುಣಸೆಹಣ್ಣಿಗೆ ಬಿರಿದಿವೆ. ಮೈ ಮೇಲೆ ಒಂದು ಗಾಯವಿಲ್ಲ. ನಾನು ಅದನ್ನು ಮೊದಲು ನೋಡಿದೆ.

“ಚೆನ್ನಾಗಿದ್ದೀಯೇನೇ?” ಎಂದೆ. ತಲೆ ಆಡಿಸಿದಳು. ಊಟ ಆಯಿತಾ ಎಂದೆ. ತಲೆ ಆಡಿಸಿದಳು. ಇದೇ ಹುಡುಗಿಯ ಜೊತೆ ಒಂದೂವರೆ ಮೈಲಿ ಮಾತಾಡಿಕೊಂಡು ನಡೆಯುತ್ತಿದ್ದೆನೆ?

ಹೊರಟಾಗ ಅವಳು ಹಿಂದೆಯೇ ಗೇಟಿನವರೆಗೆ ಬಂದಳು. ಒಳಗೆ ಶಂಕರಮ್ಮನಿಗೆ ಕೇಳಬಾರದೆಂದು ಬಹಳ ಮೆತ್ತಗೆ, ಒಂದೊಂದೇ ಮಾತನ್ನು ಎಳೆದೆಳೆದು ಹೇಳಿದಳು.

“ನಾ-ನಾನು ಇನ್ಮೇಲೆ ನುಗ್ಗಲ್ಲ ಟೀಚರಮ್ಮ. ದೇವ್ರಾಣೆ ನುಗ್ಗಲ್ಲ. ಎಷ್ಟ್ ತಡ ಆದ್ರೂ ಸುತ್ಕಂಡೇ ಬತ್ತೀನಿ. ನೀವು ಹೊಡುದ್ರೂ ಅಳಲ್ಲ. ನನ್ ಕರ್ಕಂಡೋಗಿ.”

ಇದು ಶಿಕ್ಷೆ ಎಂದುಕೊಂಡಿದ್ದಾಳೆ. ಇಷ್ಟು ದಿನವೂ ಹಾಗೆಂದುಕೊಂಡೇ ಇದ್ದಿದ್ದಾಳೆ.

ಶಿಕ್ಷೆಯಲ್ಲ ಮರೀ ಎನ್ನಬೇಕಿತ್ತು. ಒಳಗೆ ಮಗು ಅತ್ತಿತು, ಶಂಕರಮ್ಮ ಕೂಗಿದಳು. ದುರ್ಗಿ ಹೋಗಲಿಲ್ಲ, ಗೇಟಿನ ಸರಳು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಬಸ್ಸಿಗೆ ಹೊತ್ತಾಗುತ್ತಿತ್ತು. ಹಿಂದೆ ಓಡಿ ಬಂದರೆ ರಸ್ತೆಯಲ್ಲಿ ಲಾರಿಗಳು ಎಂದು ನಾನೇ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಹೊರಗೆ ಬಂದು ಚಿಲಕ ಹಾಕಿದೆ. ಅವಳ ಕೈಗೆ ಎಟುಕುವುದಿಲ್ಲ. ಎಳೆದು ನೋಡಿದೆ, ಭದ್ರವಾಗಿದೆ.